ಮಹಾಮಾರಿ ಕಾಲದಲ್ಲಿ ಮನೆ ಆರೈಕೆ, ಆಸ್ಪತ್ರೆ, ಸರ್ಕಾರಿ ನೆರವು: ಯಾವುದು ಮೊದಲು, ಯಾವುದು ಆಮೇಲೆ

ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಸಾಮಾನು ಇತ್ತು, ಮಾಹಿತಿಯೂ ಇತ್ತು. ಎಡವಟ್ಟಾಗಿದ್ದು ಕ್ರಮದಲ್ಲಿ. ಆಕ್ಸಿಮೀಟರ್ ತಂದಿಟ್ಟಿದ್ದರು, ಆದರೆ ಬೆರಳಿಗೆ ಸಿಕ್ಕಿಸಿ ಎರಡೇ ಸೆಕೆಂಡಿಗೆ ಓದಿ ತೆಗೆದುಬಿಡುತ್ತಿದ್ದರು. ಟೆಸ್ಟ್ ಮಾಡಿಸಿದರು, ಅದರ ನಂಬರ್ ಎಲ್ಲೂ ಬರೆದಿಡಲಿಲ್ಲ. ಪರಿಹಾರಕ್ಕೆ ಅರ್ಜಿ ಹಾಕಿದರು, ದುಡ್ಡು ಹೋಗಬೇಕಾದ ಖಾತೆಯೇ ಸರಿಯಿರಲಿಲ್ಲ. ಇವತ್ತಿಗೂ ಜನ ಕೇಳುವ ಪ್ರಶ್ನೆಗಳು ಇವೇ. ಹಾಗಾಗಿ ಇಲ್ಲಿ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಉದಾಹರಣೆಗಳು ಕರ್ನಾಟಕದ ಕೋವಿಡ್ ಅನುಭವದ್ದು. ಮುಂದೆ ಬೇರೆ ರೋಗ ಬಂದರೆ ಐಸೊಲೇಷನ್ ದಿನ, ಔಷಧ, ಸಹಾಯವಾಣಿ ಬದಲಾಗುತ್ತವೆ. ಅವನ್ನು ಆಗಿನ ಆರೋಗ್ಯ ಇಲಾಖೆ ಪ್ರಕಟಣೆಯಲ್ಲೇ ನೋಡಿ. ಕೆಲಸದ ಕ್ರಮ ಮಾತ್ರ ಹೆಚ್ಚುಕಮ್ಮಿ ಇದೇ ಇರುತ್ತದೆ.

## ಹಂತ 1: ಎಲ್ಲರೂ ಆರೋಗ್ಯವಾಗಿರುವಾಗಲೇ ಕಾಗದ ಸರಿಮಾಡಿಕೊಳ್ಳಿ

ಇದನ್ನು ಮೊದಲ ಹಂತವಾಗಿ ಇಟ್ಟಿದ್ದಕ್ಕೆ ಕಾರಣವಿದೆ. ಲಾಕ್‌ಡೌನ್ ಆದ ಮೇಲೆ ಬ್ಯಾಂಕು, ನಾಡಕಚೇರಿ, ಆಧಾರ್ ಕೇಂದ್ರ ಯಾವುದೂ ಸುಲಭಕ್ಕೆ ಸಿಗುವುದಿಲ್ಲ. ಜ್ವರ ಬಂದ ಮೇಲಂತೂ ಹೋಗುವ ಹಾಗೇ ಇಲ್ಲ.

1. ಒಂದು ನೋಟ್‌ಬುಕ್ ಇಡಿ. ಮೊದಲ ಪುಟದಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆ, ದಿನಾ ತಗೊಳ್ಳುವ ಮಾತ್ರೆ, ಅಲರ್ಜಿ ಬರೆಯಿರಿ. ಮಾತ್ರೆಯ ಹೆಸರು ಬರೆಯಬೇಕು. ‘ಬೆಳಿಗ್ಗೆದು ಒಂದು ಬಿಳಿ ಮಾತ್ರೆ’ ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಬರೆದರೆ ಸಾಲದು. ಕಾಯಿಲೆ ಬಿದ್ದವರ ಫೋನ್ ಲಾಕ್ ಆಗಿರುತ್ತದೆ, ಇಲ್ಲವೇ ಅವರ ಜೊತೆಗೇ ವಾರ್ಡಿಗೆ ಹೋಗಿರುತ್ತದೆ.

2. ಬ್ಯಾಂಕ್ ಖಾತೆ ನೋಡಿ. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ‘ಆಧಾರ್ ಲಿಂಕ್ ಆಗಿದೆ’ ಅಂತ ಬ್ಯಾಂಕಿನವರು ಹೇಳಿದ್ದಕ್ಕೆ ಸುಮ್ನೆ ವಾಪಸ್ ಬರಬೇಡಿ. ಖಾತೆಯ ಗುರುತಿಗಾಗಿ ಆಧಾರ್ ಕೊಟ್ಟಿರುವುದು ಒಂದು, ಸರ್ಕಾರದ ದುಡ್ಡು ಬರಲು ಆಧಾರ್ ಸೀಡಿಂಗ್ ಆಗಿರುವುದು ಇನ್ನೊಂದು. ಎರಡನೆಯದನ್ನು ಎನ್‌ಪಿಸಿಐ ಮ್ಯಾಪಿಂಗ್ ಅನ್ನುತ್ತಾರೆ. ಬ್ಯಾಂಕಿನಲ್ಲಿ ಇದೇ ಪದ ಬಳಸಿ ಕೇಳಿ.

ಒಂದು ಆಧಾರ್‌ಗೆ ಒಂದೇ ಖಾತೆ ಮ್ಯಾಪ್ ಆಗುತ್ತದೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೆ ದುಡ್ಡು ಹೋಗುತ್ತದೆ. ‘ಬಂದೇ ಇಲ್ಲ’ ಅಂದುಕೊಂಡ ದುಡ್ಡು ಮರೆತುಹೋದ ಹಳೇ ಖಾತೆಯಲ್ಲಿ ಕೂತಿರುವುದೂ ಉಂಟು. ಮೈ ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಯಾವ ಬ್ಯಾಂಕು ಅಂತ ತಿಳಿಯುತ್ತದೆ. ಅದಕ್ಕೆ ಒಟಿಪಿ ಬರಬೇಕು, ಅಂದರೆ ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲಿರಬೇಕು. ಸಾಮಾನ್ಯ ಫೋನಿನಿಂದ *99*99*1# ಒತ್ತಿಯೂ ನೋಡಬಹುದು.

ಎರಡು ವರ್ಷ ಯಾವ ವ್ಯವಹಾರವೂ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅಜ್ಜ ಅಜ್ಜಿಯ ಖಾತೆಯಲ್ಲಿ ಆಗಾಗ ನೂರಿನ್ನೂರು ಹಾಕಿ ತೆಗೆಯುತ್ತಿರಿ.

3. ಹೆಸರು ತಾಳೆ ನೋಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಡಿ. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮೀದೇವಮ್ಮ’ ಇದ್ದರೆ ಈಗಲೇ ತಿದ್ದಿಸಿ. ರೇಷನ್ ಕಾರ್ಡಿನಲ್ಲಿ ಎಲ್ಲರ ಇ-ಕೆವೈಸಿ ಆಗಿದೆಯಾ ಅಂತ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ.

4. ಕಾರ್ಡು ಮಾಡಿಸಿಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಕೇಳಿ. ಗಾರೆ, ಕಂಬಿ, ಪೇಂಟಿಂಗ್ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ನವೀಕರಿಸಿಕೊಳ್ಳಿ. ಪಿಎಫ್, ಇಎಸ್‌ಐ ಇಲ್ಲದ 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರು ಇ-ಶ್ರಮ್‌ನಲ್ಲಿ ಹೆಸರು ಬರೆಸಬಹುದು.

## ಹಂತ 2: ಮನೆಯಲ್ಲಿ ಇರಬೇಕಾದ ಸಾಮಾನು

ದೊಡ್ಡ ಪಟ್ಟಿ ಬೇಡ. ಡಿಜಿಟಲ್ ಥರ್ಮಾಮೀಟರ್, ಆಕ್ಸಿಮೀಟರ್, ಎರಡಕ್ಕೂ ಹೆಚ್ಚುವರಿ ಸೆಲ್. ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಸೋಪು, ಎನ್‌95 ಮಾಸ್ಕ್. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು. ಕೊನೆಯದನ್ನೇ ಜನ ಮರೆಯುವುದು.

ಮುಂದೆ ಪುಟ್ಟ ಕವಾಟ ಇರುವ ಮಾಸ್ಕ್ ಕೊಳ್ಳಬೇಡಿ. ನೀವು ಬಿಡುವ ಉಸಿರು ಅದರಿಂದ ಸೋಸದೇ ಹೊರಗೆ ಬರುತ್ತದೆ. ಆಮ್ಲಜನಕದ ಸಿಲಿಂಡರ್ ತಂದು ಮೂಲೆಯಲ್ಲಿ ಬಚ್ಚಿಡುವುದೂ ಬೇಡ. 2021ರಲ್ಲಿ ಹಾಗೆ ಬಚ್ಚಿಟ್ಟವು ಬೇಕಾದವರಿಗೆ ಸಿಗದೇ ಹೋದವು. ಎಷ್ಟು ಲೀಟರ್ ಕೊಡಬೇಕು ಅಂತ ಗೊತ್ತಿಲ್ಲದ ಮನೆಯಲ್ಲಿ ಅದರಿಂದ ಉಪಯೋಗವೂ ಕಡಿಮೆ.

ನೆಲ ಒರೆಸಲು ಬ್ಲೀಚಿಂಗ್ ಬಳಸುವವರಿಗೆ ಒಂದು ಎಚ್ಚರಿಕೆ. ಬ್ಲೀಚನ್ನು ಟಾಯ್ಲೆಟ್ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ. ವಿಷಗಾಳಿ ಏಳುತ್ತದೆ.

## ಹಂತ 3: ಲಕ್ಷಣ ಕಂಡ ಮೊದಲ ದಿನ

1. ಮೊದಲು ಬೇರೆ ಕೋಣೆಗೆ ಹೋಗಿ, ಆಮೇಲೆ ಟೆಸ್ಟ್. ‘ರಿಸಲ್ಟ್ ಬರಲಿ ನೋಡೋಣ’ ಅಂತ ಎರಡು ದಿನ ಎಲ್ಲರ ಜೊತೆ ಕೂತು ಊಟ ಮಾಡುವುದೇ ಇಡೀ ಮನೆ ಮಲಗಲು ದಾರಿ.

2. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ‘ಇವತ್ತು ದಿನ 1’ ಅಂತ ಗುರುತು ಹಾಕಿ. ಲಕ್ಷಣ ಶುರುವಾದ ದಿನವೇ ದಿನ 1, ರಿಪೋರ್ಟ್ ಬಂದ ದಿನವಲ್ಲ. ಕೋವಿಡ್‌ನಲ್ಲಿ ಹಲವರಿಗೆ ಉಸಿರಾಟ ಕೆಡುತ್ತಿದ್ದದ್ದು 5ರಿಂದ 10ನೇ ದಿನದ ನಡುವೆ. ಎಣಿಕೆ ತಪ್ಪಿದರೆ ಆ ಹೊತ್ತಿಗೆ ಮೈಮರೆತಿರುತ್ತೀರಿ.

3. ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104. ಮನೆಯಿಂದಲೇ ಉಚಿತವಾಗಿ ಡಾಕ್ಟರ ಜೊತೆ ಮಾತಾಡಲು ಇ-ಸಂಜೀವನಿ ಇದೆ.

4. ಟೆಸ್ಟ್ ಮಾಡಿಸಿದರೆ ಅದರ ಐಡಿ ಕೇಳಿ ಬರೆದುಕೊಳ್ಳಿ. ಕೋವಿಡ್‌ನಲ್ಲಿ ಅದು ಎಸ್‌ಆರ್‌ಎಫ್ ಐಡಿ ಆಗಿತ್ತು. ಬೆಂಗಳೂರಿನಲ್ಲಿ ಅದರ ಮೇಲೆ, ಪಾಸಿಟಿವ್ ಬಂದವರಿಗೆ ಕೊಡುತ್ತಿದ್ದ ಬಿಯು ನಂಬರ್ ಬೇರೆ. ಸರ್ಕಾರಿ ಕೋಟಾದ ಬೆಡ್‌ಗೂ ಆಮೇಲಿನ ಪರಿಹಾರಕ್ಕೂ ಈ ನಂಬರ್‌ಗಳನ್ನೇ ಕೇಳುತ್ತಿದ್ದರು. ಸ್ವ್ಯಾಬ್ ಕೊಡುವಾಗ ನಿಮ್ಮದೇ ಫೋನ್ ನಂಬರ್ ಕೊಡಿ, ಪೂರ್ತಿ ವಿಳಾಸ ಕೊಡಿ. ಹೆದರಿಕೊಂಡು ತಪ್ಪು ನಂಬರ್ ಕೊಟ್ಟವರನ್ನು ಹುಡುಕಲು ಯಾರಿಗೂ ಆಗಲಿಲ್ಲ.

ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂದು ಜ್ವರ, ಕೆಮ್ಮು ಹಾಗೇ ಇದ್ದರೆ ಆರ್‌ಟಿಪಿಸಿಆರ್ ಮಾಡಿಸಬೇಕು. ಅಲ್ಲಿಯವರೆಗೆ ಕೋಣೆಯಿಂದ ಹೊರಗೆ ಬರಬೇಡಿ.

ಒಂದೇ ಕೋಣೆಯ ಮನೆಯವರು ಏನು ಮಾಡಬೇಕು? ನಿಜ, ಸಲಹೆ ಕೊಡುವವರು ಈ ಪ್ರಶ್ನೆಯನ್ನು ಜಾರಿಸಿಬಿಡುತ್ತಾರೆ. ಕೋವಿಡ್ ಕೇರ್ ಸೆಂಟರ್ ತೆರೆದದ್ದು ಇಂಥವರಿಗಾಗಿಯೇ. ಹೋಗಲು ಹಿಂಜರಿಕೆ ಬೇಡ, ‘ಮನೆಯಲ್ಲಿ ಜಾಗ ಇಲ್ಲ’ ಅಂತ ಮೊದಲ ಫೋನಿನಲ್ಲೇ ಹೇಳಿ. ಸೆಂಟರ್ ಸಿಗುವವರೆಗೆ ಎದುರುಬದುರು ಕಿಟಕಿ ಬಾಗಿಲು ತೆರೆದಿಡಿ, ಎಲ್ಲರೂ ಒಳಗೂ ಮಾಸ್ಕ್ ಹಾಕಿ, ಕಾಯಿಲೆಯವರನ್ನು ಗಾಳಿ ಹೊರಗೆ ಹೋಗುವ ಕಡೆ ಮಲಗಿಸಿ.

## ಹಂತ 4: ಮನೆಯಲ್ಲಿ ಆರೈಕೆ

ಒಬ್ಬರೇ ಆರೈಕೆ ಮಾಡಲಿ, ಅವರೂ ವಯಸ್ಸಾದವರಾಗಿರದೇ ಇರಲಿ. ಗಂಜಿ, ಸಾರು, ಮಜ್ಜಿಗೆ, ಎಳನೀರು, ಹೊಟ್ಟೆಗೆ ಒಗ್ಗುವುದೇನಿದ್ದರೂ ಸರಿ. ಮೂತ್ರಪಿಂಡದ ಕಾಯಿಲೆ ಇದ್ದವರು ಎಳನೀರು ಕುಡಿಯುವ ಮೊದಲು ಡಾಕ್ಟರನ್ನು ಕೇಳಿ. ಕೈ ತೊಳೆಯುವುದು ಗೊತ್ತಿರುವ ವಿಷಯ, ಬೆರಳ ಸಂದಿ ಬಿಡಬೇಡಿ.

ಆಕ್ಸಿಮೀಟರ್ ಓದುವ ಕ್ರಮ

1. ಐದು ನಿಮಿಷ ಸುಮ್ಮನೆ ಕೂರಿಸಿ. ಸ್ನಾನದ ಮನೆಯಿಂದ ಬಂದ ಕೂಡಲೇ ನೋಡಬೇಡಿ.
2. ಉಗುರುಬಣ್ಣ, ಮೆಹಂದಿ ಇಲ್ಲದ ಬೆರಳು ಆರಿಸಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ.
3. ತೋರುಬೆರಳು ಅಥವಾ ನಡುಬೆರಳಿಗೆ ಹಾಕಿ, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗದೇ ಇಡಲಿ.
4. ಕನಿಷ್ಠ ಒಂದು ನಿಮಿಷ ಕಾಯಿರಿ. ಅಂಕಿ ಏರಿಳಿದು ಒಂದು ಕಡೆ ನಿಲ್ಲುತ್ತದೆ. ನಿಂತದ್ದನ್ನು ಬರೆಯಿರಿ.
5. ಪರದೆಯಲ್ಲಿ ಎರಡು ಅಂಕಿ ಇರುತ್ತದೆ. ಎಸ್‌ಪಿಒ2 ಅಂದರೆ ಆಮ್ಲಜನಕ, ಪಿಆರ್ ಅಂದರೆ ನಾಡಿ. ನಾಡಿ 88 ನೋಡಿ ಆಮ್ಲಜನಕ ಬಿತ್ತು ಅಂತ ಕೂಗಾಡಿದ ಮನೆಗಳಿವೆ. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ: ಆಮ್ಲಜನಕ 88 ಇದ್ದರೂ ಅದು ನಾಡಿ ಅಂದುಕೊಂಡು ಸುಮ್ಮನಿರುವುದು.

ಕಪ್ಪು ಚರ್ಮದವರಲ್ಲಿ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ಅಂಕಿ ಚೆನ್ನಾಗಿದ್ದರೂ ಉಸಿರು ಕಷ್ಟವಾಗುತ್ತಿದ್ದರೆ ಉಸಿರನ್ನೇ ನಂಬಿ. ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಕಾಯಿಲೆಯವರಿಗೆ ಹೇಳದೇ ಎಣಿಸಿ. ಹೇಳಿದರೆ ಉಸಿರಾಟ ತಾನಾಗಿ ಬದಲಾಗುತ್ತದೆ.

ದಿನಕ್ಕೆ ನಾಲ್ಕು ಸಲ ಜ್ವರ, ಆಮ್ಲಜನಕ, ನಾಡಿ, ಉಸಿರಿನ ಎಣಿಕೆ ಬರೆಯಿರಿ. ಪಕ್ಕದಲ್ಲಿ ಕೊಟ್ಟ ಮಾತ್ರೆ ಮತ್ತು ಹೊತ್ತು.

ಔಷಧದಲ್ಲಿ ಆಗುವ ತಪ್ಪುಗಳು

ಪ್ಯಾರಾಸಿಟಮಾಲ್ ಎರಡು ಡೋಸ್ ನಡುವೆ ಆರು ಗಂಟೆ ಅಂತರ ಇಟ್ಟರೆ ಕ್ಷೇಮ. 650 ಮಿಲಿಗ್ರಾಮಿನ ಮಾತ್ರೆ ದೊಡ್ಡವರಿಗೆ ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇದ್ದವರು, ಕುಡಿಯುವ ಅಭ್ಯಾಸ ಇದ್ದವರು ಮೊದಲು ಕೇಳಬೇಕು. ನೆಗಡಿ ಮಾತ್ರೆಗಳಲ್ಲೂ ಇದೇ ಔಷಧ ಇರುತ್ತದೆ, ಪೊಟ್ಟಣದ ಹಿಂಭಾಗ ಓದಿ.

ಸ್ಟೀರಾಯ್ಡ್ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಡಾಕ್ಟರ್ ನೋಡದೇ ಬೇಡ. ಪಕ್ಕದ ಮನೆಯವರಿಗೆ ಬರೆದ ಚೀಟಿ ನಿಮ್ಮದಲ್ಲ. ಕೋವಿಡ್‌ನಲ್ಲಿ ಡೆಕ್ಸಾಮೆಥಸೋನ್ ಜೀವ ಉಳಿಸಿದ್ದು ಆಮ್ಲಜನಕ ಬೇಕಾದವರಲ್ಲಿ. ಬೇಡದವರಿಗೆ ಅದರಿಂದ ಲಾಭವಾಗಲಿಲ್ಲ. ಹತೋಟಿಯಲ್ಲಿರದ ಸಕ್ಕರೆ ಕಾಯಿಲೆಗೆ ಬೇಕಾಬಿಟ್ಟಿ ಸ್ಟೀರಾಯ್ಡ್ ಸೇರಿದ್ದು 2021ರ ಕಪ್ಪು ಶಿಲೀಂಧ್ರಕ್ಕೆ ಒಂದು ದೊಡ್ಡ ಕಾರಣ. ಆಂಟಿಬಯಾಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ.

ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಅದನ್ನೇ ನಂಬಿ ಆಸ್ಪತ್ರೆಗೆ ತಡಮಾಡಬೇಡಿ. ಹಬೆ ತಗೊಳ್ಳುವಾಗ ಕುದಿಯುವ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವ ಅಪಾಯ ಇದೆ.

ಮನಸ್ಸಿನ ಕಡೆ

ಕೋಣೆಯೊಳಗೆ ಒಬ್ಬರೇ ಇರುವವರಿಗೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ನಿದ್ದೆ ಬರದೆ, ಭಯ ತಡೆಯಲಾಗದೆ ಒದ್ದಾಡುತ್ತಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಒಂಟಿ ಹಿರಿಯರಿಗೆ 14567.

## ಹಂತ 5: ಇನ್ನು ಕಾಯಬಾರದು ಅನ್ನುವ ಸೂಚನೆಗಳು

ಈ ಭಾಗವನ್ನು ಬರೆದು ಗೋಡೆಗೆ ಅಂಟಿಸಿ.

- ಕುಳಿತಾಗಲೂ ಉಸಿರು ಕಟ್ಟುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು
- ಒಂದು ಗಂಟೆಯೊಳಗೆ ಮೂರು ಸಲ ನೋಡಿದರೂ ಆಮ್ಲಜನಕ 93 ಅಥವಾ ಅದಕ್ಕಿಂತ ಕೆಳಗೆ
- ದೊಡ್ಡವರಲ್ಲಿ ನಿಮಿಷಕ್ಕೆ 24ಕ್ಕಿಂತ ಜಾಸ್ತಿ ಉಸಿರು. 2 ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, 1ರಿಂದ 5 ವರ್ಷದವರಿಗೆ 40 ಮುಟ್ಟಿದರೆ ಅಪಾಯ
- ಎದೆ ಬಿಗಿತ, ನೋವು
- ತುಟಿ, ಮುಖ ನೀಲಿಯಾಗುವುದು
- ಹೊಸದಾಗಿ ಗೊಂದಲ, ತೊದಲು, ಎಬ್ಬಿಸಿದರೂ ಏಳದಿರುವುದು
- ಮೂರು ದಿನ ಮೀರಿದ 100 ಡಿಗ್ರಿಗಿಂತ ಮೇಲಿನ ಜ್ವರ, ಅಥವಾ ಬಿಟ್ಟುಹೋದ ಜ್ವರ ಮತ್ತೆ ಬರುವುದು

ಜ್ವರವೊಂದೇ ಆದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಉಳಿದವುಗಳಲ್ಲಿ ಒಂದು ಕಂಡರೂ 108. ಗರ್ಭಿಣಿ, ಡಯಾಲಿಸಿಸ್‌ನವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇಷ್ಟೂ ಆಗುವವರೆಗೆ ಕಾಯಬಾರದು.

ಆಂಬುಲೆನ್ಸ್ ಬರುವವರೆಗೆ ಎಚ್ಚರವಿರುವ ರೋಗಿಯನ್ನು ಬೋರಲು ಮಲಗಿಸಬಹುದು. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆವರೆಗೆ ಒಂದೆರಡು, ಮೊಣಕಾಲಿನಿಂದ ಕೆಳಗಿನ ಕಾಲಿನ ಭಾಗದಡಿ ಎರಡು. ಊಟವಾಗಿ ಒಂದು ಗಂಟೆ ಆಗಿರಬೇಕು. ಗರ್ಭಿಣಿಯರಿಗೆ, ತೀವ್ರ ಹೃದಯದ ತೊಂದರೆ ಅಥವಾ ಬೆನ್ನುಮೂಳೆ ಮುರಿತ ಇರುವವರಿಗೆ ಬೇಡ. ಬೋರಲು ಮಲಗಿಸಿದಾಗ ಅಂಕಿ ಏರಿತು ಅಂತ ಆಂಬುಲೆನ್ಸ್ ವಾಪಸ್ ಕಳಿಸಬೇಡಿ.

## ಹಂತ 6: ಆಸ್ಪತ್ರೆ ಸೇರುವಾಗ

ಫೋನಿನಲ್ಲಿ ಹೇಳುವ ಕ್ರಮ ಮುಖ್ಯ. ಗಾಬರಿಯಲ್ಲಿ ಜನ ಕಥೆ ಶುರುಮಾಡುತ್ತಾರೆ. ಹೀಗೆ ಹೇಳಿ: ‘62 ವರ್ಷ, ಗಂಡಸು, ಸಕ್ಕರೆ ಕಾಯಿಲೆ ಇದೆ. ಇವತ್ತು 7ನೇ ದಿನ. ಆಮ್ಲಜನಕ 91, ಉಸಿರು ನಿಮಿಷಕ್ಕೆ 28. ಎಚ್ಚರವಿದ್ದಾರೆ.’ ಆಮೇಲೆ ವಿಳಾಸ, ಹತ್ತಿರದ ಗುರುತು. ಅರ್ಧ ನಿಮಿಷ ಸಾಕು. ನೋಟ್‌ಬುಕ್ ಬರೆದವರಿಗೆ ಇದು ಕಷ್ಟವೇ ಅಲ್ಲ.

ಎಲ್ಲಿಗೆ ಹೋಗಬೇಕು? ಆರೋಗ್ಯ ಕರ್ನಾಟಕದಲ್ಲಿ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಅವರು ರೆಫರಲ್ ಬರೆದುಕೊಟ್ಟು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ನಿಗದಿಪಡಿಸಿದ ತುರ್ತು ಚಿಕಿತ್ಸೆಗೆ ನೇರ ಹೋಗಬಹುದು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅನ್ನುವ ಸಿಬ್ಬಂದಿ ಇರುತ್ತಾರೆ. ಬಿಲ್ಲಿಂಗ್ ಕೌಂಟರಿಗೆ ಹೋಗುವ ಮೊದಲು ಅವರನ್ನು ಹುಡುಕಿ. ಕೈಯಿಂದ ದುಡ್ಡು ಕಟ್ಟಿ ಅಡ್ಮಿಟ್ ಆಗಿ, ಮೂರು ದಿನ ಬಿಟ್ಟು ‘ನಮಗೆ ಕಾರ್ಡ್ ಇದೆ’ ಅಂದರೆ ಕೆಲಸ ಕಷ್ಟ.

ಖಾಸಗಿ ವಿಮೆ ಇದ್ದರೆ ದಾಖಲಾದ 24 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಿಬಿಡಿ.

ತುರ್ತು ಹೊತ್ತಿನಲ್ಲಿ ಮುಂಗಡ ಕಟ್ಟಿಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ, ಬಾಕಿ ಇದೆ ಅಂತ ಮೃತದೇಹ ಹಿಡಿದಿಡುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಇದನ್ನು ಹೇಳುತ್ತದೆ. ದೂರು ಕೊಡಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ.

ಚೀಲದಲ್ಲಿ: ಆಧಾರ್, ರೇಷನ್ ಕಾರ್ಡ್, ಟೆಸ್ಟ್ ರಿಪೋರ್ಟ್ ಜೆರಾಕ್ಸ್, ದಿನದ ಮಾತ್ರೆ, ಚಾರ್ಜರ್, ಕನ್ನಡಕ, ಹಲ್ಲಿನ ಸೆಟ್ ಇಡುವ ಡಬ್ಬಿ. ಒಡವೆ ಮನೆಯಲ್ಲೇ ಬಿಚ್ಚಿಡಿ. ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದುಕೊಂಡು ಪುಸ್ತಕ ಮನೆಯಲ್ಲೇ ಇಟ್ಟುಕೊಳ್ಳಿ. ಬಿಡುಗಡೆ ಆಗುವಾಗ ಡಿಸ್ಚಾರ್ಜ್ ಸಮರಿ, ಎಲ್ಲ ಬಿಲ್ ಕೇಳಿ ಪಡೆಯಿರಿ.

## ಹಂತ 7: ದುಡಿಮೆ ನಿಂತಾಗ

ರೇಷನ್. ಊರು ಬಿಟ್ಟು ಬೇರೆ ಕಡೆ ಸಿಕ್ಕಿಕೊಂಡಿದ್ದರೂ ಕಾರ್ಡ್ ಸತ್ತುಹೋಗುವುದಿಲ್ಲ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. ಮುಂಬೈಯಲ್ಲೋ ಗೋವಾದಲ್ಲೋ ಕೆಲಸ ಮಾಡುವ ನಮ್ಮ ಕಡೆಯವರಿಗೂ ಇದು ಅನ್ವಯ. ಕೊಡದಿದ್ದರೆ 1967ಕ್ಕೆ ದೂರು.

ನಗದು ಪರಿಹಾರ. ಯಾರಿಗೆ ಎಷ್ಟು ಅನ್ನುವುದು ಪ್ರತಿ ಸಲ ಬದಲಾಗುತ್ತದೆ. 2020ರಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ರಾಜ್ಯ ಸರ್ಕಾರ 5,000 ರೂಪಾಯಿ ಘೋಷಿಸಿತ್ತು. 2021ರಲ್ಲಿ ಚಾಲಕರಿಗೂ ನೋಂದಾಯಿತ ಕಟ್ಟಡ ಕಾರ್ಮಿಕರಿಗೂ 3,000. ಚಾಲಕರು ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕಿತ್ತು. ಅರ್ಜಿ ತೆರೆದ ಮೊದಲ ದಿನಗಳಲ್ಲಿ ಸರ್ವರ್ ಕೂತುಬಿಡುತ್ತದೆ. ರಾತ್ರಿ ತಡವಾಗಿ, ಇಲ್ಲವೇ ಬೆಳಗಿನ ಜಾವ ಪ್ರಯತ್ನಿಸಿ. ಅರ್ಜಿ ನಂಬರಿನ ಚೀಟಿ ಇಟ್ಟುಕೊಳ್ಳಿ. ದುಡ್ಡು ಬಂತಾ ಅಂತ ನೋಡಲು ಡಿಬಿಟಿ ಕರ್ನಾಟಕ ಆ್ಯಪ್ ಇದೆ.

ಇಎಸ್‌ಐ ಇದ್ದವರು. ಡಾಕ್ಟರ ಸರ್ಟಿಫಿಕೇಟ್ ಇದ್ದರೆ, ವಂತಿಗೆಯ ಷರತ್ತು ಪೂರೈಸಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಗಾರ್ಮೆಂಟ್ಸ್ ಕೆಲಸದವರು ಇದನ್ನು ಕೇಳುವುದೇ ಕಡಿಮೆ. ಕೇಳಿ, ನಿಮ್ಮ ಸಂಬಳದಿಂದ ಹಿಡಿದ ದುಡ್ಡೇ ಅದರಲ್ಲಿದೆ.

ಮೋಸದ ಗುರುತು. ಪರಿಹಾರ ಕೊಡಿಸಲು ಒಟಿಪಿ ಕೇಳುವವರು, ‘ಮೊದಲು ನೋಂದಣಿ ಶುಲ್ಕ ಕಳಿಸಿ’ ಅನ್ನುವವರು, ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸುವವರು ಯಾರೂ ಸರ್ಕಾರದವರಲ್ಲ. ಬೆಡ್, ಆಮ್ಲಜನಕಕ್ಕೆ ಗುರುತಿಲ್ಲದವರಿಗೆ ಮುಂಗಡ ಹಾಕಬೇಡಿ.

## ಹಂತ 8: ಮನೆಯಲ್ಲಿ ಸಾವಾದರೆ

ಬರೆಯಲು ಕಷ್ಟವಾದ ಭಾಗ. ಆದರೆ ಕಾಗದದ ತಪ್ಪು ಅತಿ ಹೆಚ್ಚು ನಷ್ಟ ಮಾಡಿದ್ದು ಇಲ್ಲೇ. ಮನೆಯವರಿಗೆ ಆ ಹೊತ್ತಿಗೆ ಆಗುವುದಿಲ್ಲ. ಅಳಿಯನೋ ಪಕ್ಕದ ಮನೆಯವರೋ ಹೊಣೆ ತಗೊಳ್ಳಲಿ.

1. ಸಾವಿನ ಕಾರಣ ಬರೆದ ವೈದ್ಯಕೀಯ ಪ್ರಮಾಣಪತ್ರ ಕೇಳಿ. ಆಸ್ಪತ್ರೆಯಲ್ಲಾದರೆ ನಮೂನೆ 4, ಮನೆಯಲ್ಲಾದರೆ ನೋಡಿಕೊಂಡ ಡಾಕ್ಟರ್ ಕೊಡುವ 4ಎ. ಕಾರಣ ಸರಿಯಾಗಿದೆಯಾ ಓದಿ. ‘ಹೃದಯ ಸ್ತಂಭನ’ ಅಂತ ಮಾತ್ರ ಇದ್ದರೆ ಹಿಂದಿದ್ದ ಸೋಂಕನ್ನೂ ಬರೆಯಲು ಕೇಳಿ.

2. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ತಡವಾದರೆ ದಂಡ, ಅಫಿಡವಿಟ್ ಅಂತ ಓಡಾಟ. ಪ್ರತಿಗಳನ್ನು ನಾಲ್ಕೈದಾದರೂ ತೆಗೆದುಕೊಳ್ಳಿ.

3. ಪಾಸ್‌ಬುಕ್ ತೆರೆದು ವಿಮೆ ಕಂತು ಹುಡುಕಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷ ರೂಪಾಯಿ ಬರಬೇಕು. 2022ರ ಮೇ ತನಕ ಅದು 330 ಆಗಿತ್ತು. 20 ರೂಪಾಯಿಯದು ಅಪಘಾತಕ್ಕೆ ಮಾತ್ರ. ಬ್ಯಾಂಕಿನವರು ತಾವಾಗಿ ಕರೆದು ಕೊಡುವುದಿಲ್ಲ.

4. ಪಿಎಫ್ ಇದ್ದವರ ಕುಟುಂಬಕ್ಕೆ ಪಿಎಫ್ ಹಣದ ಜೊತೆ ಇಡಿಎಲ್‌ಐ ವಿಮೆಯೂ ಇದೆ, ಗರಿಷ್ಠ 7 ಲಕ್ಷ. ಕೆಲಸದಲ್ಲಿದ್ದಾಗ ತೀರಿಕೊಂಡಿದ್ದರೆ ಕೇಳಿ.

5. ಮಹಾಮಾರಿಯ ಪರಿಹಾರ ಘೋಷಣೆಯಾದರೆ ಗಡುವು ನೋಡಿ. ಕೋವಿಡ್ ಸಾವಿಗೆ ವಿಪತ್ತು ನಿಧಿಯಿಂದ 50,000 ರೂಪಾಯಿ, ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಮೇಲೆ 1 ಲಕ್ಷ ಇತ್ತು. ಪಾಸಿಟಿವ್ ಬಂದ 30 ದಿನದೊಳಗೆ ಸತ್ತರೆ, ಮನೆಯಲ್ಲಿ ಸತ್ತಿದ್ದರೂ, ಲೆಕ್ಕಕ್ಕೆ ಬರುತ್ತಿತ್ತು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹಳೆಯ ಸಾವುಗಳಿಗೆ 60 ದಿನ, ಮುಂದಿನವಕ್ಕೆ 90 ದಿನದ ಗಡುವು ಹಾಕಿತು.

6. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಗು ಇದ್ದರೆ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಕೋವಿಡ್ ನಂತರ ಇಂಥ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಕೊಟ್ಟರು. ‘ಅನಾಥ ಮಗು ಇದೆ, ದತ್ತು ತಗೊಳ್ಳಿ’ ಅನ್ನುವ ಸಂದೇಶ ಫಾರ್ವರ್ಡ್ ಮಾಡಬೇಡಿ. ಆ ರೀತಿ ಮಗು ಕೊಡುವುದೂ ತಗೊಳ್ಳುವುದೂ ಅಪರಾಧ.

ಗಂಡನನ್ನು ಕಳೆದುಕೊಂಡವರು ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅದು ಈ ಮೇಲಿನ ಯಾವುದಕ್ಕೂ ಅಡ್ಡ ಬರುವುದಿಲ್ಲ.

## ಹಂತ 9: ಅರ್ಜಿ ಅಲ್ಲೇ ಕೂತರೆ

ಮೊದಲು ಕಚೇರಿಗೆ ಹೋಗಿ ‘ಯಾಕೆ ನಿಂತಿದೆ’ ಅಂತ ಕೇಳಿ. ಮಾತಿನ ಉತ್ತರಕ್ಕೆ ಒಪ್ಪಬೇಡಿ, ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಕೊಡಿ ಅನ್ನಿ. ಸಕಾಲ (ಗೊತ್ತಾದ ದಿನದೊಳಗೆ ಸೇವೆ ಕೊಡಬೇಕೆನ್ನುವ ಕಾಯ್ದೆ) ವ್ಯಾಪ್ತಿಯ ಸೇವೆಯಾದರೆ ಚೀಟಿಯಲ್ಲಿ ದಿನಾಂಕ ಇರುತ್ತದೆ. ಅದು ದಾಟಿದರೆ ಮೇಲ್ಮನವಿ ಹಾಕಬಹುದು. ಎರಡನೆಯದು ಸರ್ಕಾರದ ದೂರು ಸಹಾಯವಾಣಿ, ಜನಸ್ಪಂದನ 1902. ದೂರಿನ ನಂಬರನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮಾತಾಡಿದವರ ಹುದ್ದೆ, ತಾರೀಖು ಸಮೇತ. ಅಲ್ಲೂ ಆಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ನನ್ನ ಅರ್ಜಿ ಯಾರ ಮೇಜಿನಲ್ಲಿ, ಯಾವ ದಿನದಿಂದ ಇದೆ? ಬಿಪಿಎಲ್ ಕಾರ್ಡಿನವರಿಗೆ ಆ 10 ರೂಪಾಯಿಯೂ ಇಲ್ಲ. ಉತ್ತರಕ್ಕೆ 30 ದಿನದ ಗಡುವಿದೆ.